ಮೆಲ್ಲಗೆ ಹೋಗುವಾಗ ತಿಳಿಯುವ ಕಸುವು

ಐಹೊಳೆಯ ದುರ್ಗದ ಗುಡಿಯ ಹಿಂಬದಿಗೆ ಹೋದರೆ ಕಲ್ಲು ದುಂಡಗಾಗುತ್ತದೆ. ಮುಂಭಾಗ ನೇರ, ಎರಡು ಮಗ್ಗುಲೂ ನೇರ. ಹಿಂದೆ ಮಾತ್ರ ಆನೆಯ ಬೆನ್ನಿನಂತೆ ಬಾಗು. ಬಲ್ಲವರು ಗಜಪೃಷ್ಠ ಎನ್ನುತ್ತಾರೆ. ಕಳೆದ ಭಾನುವಾರ ಬೆಳಗ್ಗೆ ಆ ಬಾಗನ್ನು ಕಣ್ತುಂಬ ನೋಡಿ ಹೊರಬಂದು, ಚಹಾದಂಗಡಿಯ ಬೆಂಚಿನ ಮೇಲೆ ನಾವು ನಾಲ್ವರು ಗೆಳೆಯರು ಕೂತೆವು. ಎದುರಿಗೆ ಬೇವಿನ ಮರದಡಿ ಹುಬ್ಬಳ್ಳಿಯ ಗೆಳೆಯನ ಪೋರ್ಷೆ 911 ನಿಂತಿತ್ತು. ಅದರ ಚಾವಣಿಯೂ ಹಿಂದಕ್ಕೆ ಹಾಗೆಯೇ ಜಾರಿ ದುಂಡಗಾಗುತ್ತದೆ. ಊರ ಹುಡುಗರು ಸುತ್ತ ನೆರೆದು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಎಷ್ಟು ಓಡ್ತೈತ್ರಿ?”

ಆ ಪ್ರಶ್ನೆಯೇ ನಮ್ಮ ವಾದಕ್ಕೆ ಕಿಡಿ ಹಚ್ಚಿತು. ಕೋಟಿಗಟ್ಟಲೆ ಬೆಲೆಯ, ನೂರಾರು ಕುದುರೆಬಲದ ಈ ಕಾರುಗಳಲ್ಲಿ ನಮ್ಮನ್ನು ಸೆಳೆಯುವುದಾದರೂ ಏನು? ಕಸುವೋ, ಹಗುರವೋ, ಮತ್ತಿನ್ನೇನೋ?

ಬೆಂಗಳೂರಿನಿಂದ ಬಂದಿದ್ದ ಗೆಳೆಯ ಗೂಳಿಯ ಪಕ್ಷ. ಅವನಿಗೆ ಲ್ಯಾಂಬೊರ್ಗಿನಿ ಎಂದರೆ ಪ್ರಾಣ. ನಮ್ಮ ಸೀಮೆಯ ರೈತರಿಗೂ ಆ ಕಂಪನಿಯ ಕತೆ ಹಿಡಿಸಬೇಕು; ಅದು ಶುರುವಾದದ್ದೇ ಹೊಲದಲ್ಲಿ. ಫೆರುಚಿಯೊ ಲ್ಯಾಂಬೊರ್ಗಿನಿ 1948ರಲ್ಲಿ ಮಾಡಿದ್ದು ಟ್ರ್ಯಾಕ್ಟರ್ ಕಾರ್ಖಾನೆ. ಕಾರಿನ ಕಂಪನಿ ಬಂದದ್ದು 1963ರಲ್ಲಿ. ಅವನದು ವೃಷಭ ರಾಶಿ, ಹಾಗಾಗಿ ಲಾಂಛನ ಗೂಳಿ. 1966ರ ಮಿಯುರಾ ಕಾರಿನ ಹೆಸರು ಕಾಳಗದ ಗೂಳಿ ಸಾಕುವ ಸ್ಪೇನಿನ ಮನೆತನದ್ದು. ಹನ್ನೆರಡು ಸಿಲಿಂಡರಿನ ಎಂಜಿನನ್ನು ಚಾಲಕನ ಬೆನ್ನ ಹಿಂದೆ ಅಡ್ಡಲಾಗಿ ಕೂರಿಸಿದ ಆ ಕಾರನ್ನು ನೋಡಿ ಇಡೀ ಲೋಕ ಬೆರಗಾಯಿತು. ಅದರ ಇಂದಿನ ಮೊಮ್ಮಗ ರೆವುಯೆಲ್ಟೊ. ಆರೂವರೆ ಲೀಟರಿನ ಹನ್ನೆರಡು ಸಿಲಿಂಡರು, ಜೊತೆಗೆ ಮೂರು ವಿದ್ಯುತ್ ಮೋಟರು, ಒಟ್ಟು 1,015 ಪಿಎಸ್.

ಒಂದು ಪಿಎಸ್ ಎಂದರೆ 75 ಕಿಲೋ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲಕ್ಕೆತ್ತುವ ಶಕ್ತಿ. ನಮ್ಮ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪೈಲ್ವಾನರನ್ನು ಕಂಡವರಿಗೆ ಈ ಅಳತೆಯ ತೂಕ ಗೊತ್ತಾಗುತ್ತದೆ. 1,015 ಪಿಎಸ್ ಎಂದರೆ ಸೆಕೆಂಡಿಗೆ 76 ಟನ್ ಭಾರವನ್ನು ಒಂದು ಮೀಟರ್ ಎತ್ತಿದಂತೆ. ಅಷ್ಟು ಬಲ ಒಬ್ಬ ಮನುಷ್ಯನ ಬಲಗಾಲಿನ ಹೆಬ್ಬೆರಳಿನ ಕೆಳಗಿದೆ. “ಇದಕ್ಕೆ ಮೈ ಝುಮ್ಮೆನ್ನದಿದ್ದರೆ ಇನ್ಯಾವುದಕ್ಕೆ?” ಎಂದ ಗೆಳೆಯ. ಅವನ ಮಾತನ್ನು ನಾನು ತಳ್ಳಿಹಾಕಲಾರೆ. ಆ ಎಂಜಿನು ಒಂಬತ್ತು ಸಾವಿರ ಸುತ್ತು ದಾಟುವಾಗಿನ ಕೂಗು ಕೇಳಿದವರು ಅದನ್ನು ಮರೆಯುವುದಿಲ್ಲ.

ಇಳಕಲ್ಲಿನ ಗೆಳೆಯ ಬೇಟೆನಾಯಿಯ ಪಕ್ಷ. ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಮುಧೋಳ ನಾಯಿಗಳಿವೆ. ಅವನ ವಾದವೆಲ್ಲ ಅವುಗಳ ಮೈಕಟ್ಟಿನಿಂದಲೇ ಏಳುತ್ತದೆ. ಆಳವಾದ ಎದೆ, ಒಳಸೇರಿದ ಹೊಟ್ಟೆ, ನೀಳ ಕಾಲು. ಬೇಡದ ಒಂದು ಛಟಾಕು ಮಾಂಸವಿಲ್ಲ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ ಅದು. “ಗೂಳಿ ಕಸುವು ಖರೇ ಐತಿ. ಆದ್ರ ಮೊಲದ ಹಿಂದ ಗೂಳಿ ಬಿಡ್ತಾರೇನು?” ಎಂದು ಅವನು ಲೆಕ್ಕ ಬಿಚ್ಚಿದ.

1996ರ ಲೋಟಸ್ ಎಲೀಸ್ ಕಾರಿಗೆ ಇದ್ದದ್ದು ಬರೀ 120 ಪಿಎಸ್ ಆಸುಪಾಸು. ಆದರೆ ಕಾರಿನ ತೂಕ 725 ಕಿಲೋ. ಅಲ್ಯುಮಿನಿಯಮ್ ಪಟ್ಟಿಗಳನ್ನು ಅಂಟಿನಿಂದ ಕೂಡಿಸಿದ ಅದರ ಚೌಕಟ್ಟು 68 ಕಿಲೋ, ಒಬ್ಬ ಆಳಿನ ತೂಕ. ಇನ್ನು ಗಾರ್ಡನ್ ಮರ್ರೆ. 1990ರ ದಶಕದಲ್ಲಿ ಮೆಕ್ಲಾರೆನ್ ಎಫ್1 ಕಟ್ಟಿ, ಚಾಲಕನನ್ನು ಕಾರಿನ ನಟ್ಟನಡುವೆ ಕೂರಿಸಿದ ಎಂಜಿನಿಯರ್. ಅವನ ಟಿ.50 ಕಾರಿನ ಬಲ 663 ಪಿಎಸ್, ತೂಕ ಒಂದು ಟನ್ನಿಗಿಂತ ಮೂರು ಕಿಲೋ ಕಡಿಮೆ. ಭಾಗಿಸಿ ನೋಡಿ: ಟನ್ನಿಗೆ 665 ಪಿಎಸ್. ರೆವುಯೆಲ್ಟೊ ಎಣ್ಣೆ ನೀರು ಬಿಟ್ಟೇ 1,772 ಕಿಲೋ. ಅದರ ಪಾಲಿಗೆ ಟನ್ನಿಗೆ 573. ಸಾವಿರದ ಗೂಳಿಗಿಂತ ಆರುನೂರರ ಬೇಟೆನಾಯಿ ಮೇಲು. ಅದೂ ಅಲ್ಲದೆ ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಭಾರದ ಕಾರು ಪ್ರತಿ ತಿರುವಿನಲ್ಲೂ ಆ ಸಾಲ ತೀರಿಸಬೇಕು. ಹಗುರದ ಕಾರಿಗೆ ಸಾಲವೇ ಕಡಿಮೆ.

ಲೆಕ್ಕದಲ್ಲಿ ಇಳಕಲ್ಲಿನವನು ಗೆದ್ದ. ಆದರೂ ನನಗೆ ಸಮಾಧಾನವಾಗಲಿಲ್ಲ. ಇಬ್ಬರೂ ಅಳೆಯುತ್ತಿದ್ದದ್ದು ಅಂಕಿಯನ್ನೇ, ಒಬ್ಬ ಕೂಡಿಸಿ, ಇನ್ನೊಬ್ಬ ಭಾಗಿಸಿ. ಮೊಬೈಲ್ ಫೋನಿಗೆ ಹೆಸರಾದ ಶಿಯೋಮಿಯೇ ಈಗ 1,500 ಪಿಎಸ್ ಮೀರಿದ ವಿದ್ಯುತ್ ಕಾರು ಮಾರುತ್ತಿದೆ. ಬಲ ಸುಲಭವಾಗಿ ಸಿಗುವ ಕಾಲ ಬಂದಿರುವಾಗ, ಬಲದ ಅಂಕಿಯಷ್ಟರಿಂದಲೇ ಒಂದು ಕಾರನ್ನು ಪ್ರೀತಿಸಲು ಆಗದು.

ನನಗೆ ದಾರಿ ತೋರಿಸಿದ್ದು ಇದೇ ಜಿಲ್ಲೆಯ ತೆರಬಂಡಿ. ಕಾರಹುಣ್ಣಿಮೆಯ ಆಚೀಚೆ, ಊರ ಜಾತ್ರೆಗಳಲ್ಲಿ, ಎತ್ತಿನ ಜೋಡಿ ಭಾರದ ಬಂಡಿಯನ್ನು ಗೊತ್ತಾದ ಹೊತ್ತಿನೊಳಗೆ ಎಷ್ಟು ಅಡಿ ಎಳೆದವು ಎಂದು ಅಳೆಯುವ ಪಂದ್ಯ ಅದು. ಕೆಲವು ವರ್ಷಗಳ ಹಿಂದೆ ಹುನಗುಂದದ ಕಡೆ ಅಂಥದೊಂದು ಕಣದಲ್ಲಿ ನಿಂತಿದ್ದೆ. ಕಿಲಾರಿ ಜೋಡಿಯೊಂದು ಬಂತು. ಬೆಳ್ಳಗೆ ಹೊಳೆಯುವ ಮೈ, ಬಿಲ್ಲಿನಂಥ ಕೊಂಬು, ನೋಡಿದವರೆಲ್ಲ ಶಿಳ್ಳೆ ಹಾಕಿದರು. ನನ್ನ ಪಕ್ಕದ ಹಿರಿಯರು ಮಾತ್ರ ಕುಕ್ಕರಗಾಲಲ್ಲಿ ಕೂತು ನೆಲದ ಮಟ್ಟದಲ್ಲಿ ನೋಡುತ್ತಿದ್ದರು. “ಮೈ ನೋಡಬ್ಯಾಡ್ರಿ, ಗೊರಸು ನೋಡ್ರಿ. ಹಿಂದಿನ ಕಾಲು ನೆಲ ಹಿಡೀತೈತೋ ಇಲ್ಲೋ ನೋಡ್ರಿ” ಎಂದರು. ನಾನೂ ಕೂತೆ. ಬಂಡಿ ಅಲುಗುವ ಮುಂಚಿನ ಆ ಒಂದು ಗಳಿಗೆ! ಎಡದೆತ್ತಿನ ಹಿಂಗಾಲು ಮಣ್ಣಿನಲ್ಲಿ ಎರಡು ಬೆರಳು ಇಳಿಯಿತು, ತೊಡೆ ನಡುಗಿತು, ಹಗ್ಗ ಹಿಡಿದವನ ಮಣಿಕಟ್ಟು ಕೂದಲೆಳೆಯಷ್ಟು ಸಡಿಲವಾಯಿತು. ಆಮೇಲೆ ಬಂಡಿ ಹೊರಟಿತು. ಬಾರಕೋಲು ಗಾಳಿಯಲ್ಲೂ ಆಡಲಿಲ್ಲ.

ನೆಲ ಹಿಡಿಯದ ಕಸುವು ಕಸುವಲ್ಲ. ಹಗ್ಗದ ಮಾತು ಕೇಳದ ಕಸುವೂ ಅಲ್ಲ. ಎಂಜಿನು ಎಷ್ಟೇ ಕೊಡಲಿ, ಅದು ರಸ್ತೆಗೆ ಇಳಿಯುವುದು ಅಂಗೈಯಗಲದ ನಾಲ್ಕು ರಬ್ಬರ್ ತುಣುಕುಗಳ ಮೂಲಕ. ಆ ತುಣುಕುಗಳಲ್ಲಿ ಏನು ನಡೆಯುತ್ತಿದೆ ಎಂದು ಸ್ಟೀರಿಂಗು ನಮ್ಮ ಬೆರಳಿಗೆ ಹೇಳಬೇಕು, ನಮ್ಮ ಬೆರಳು ಹೇಳಿದ್ದು ಅವಕ್ಕೆ ತಲುಪಬೇಕು. ಈ ಸಂಭಾಷಣೆ ಇರುವ ಕಾರು ದೊಡ್ಡದು, ಇಲ್ಲದ್ದು ಬರೀ ದುಬಾರಿ.

911 ಬಗ್ಗೆ ನನಗಿರುವ ಪ್ರೀತಿಯ ಮೂಲ ಇಲ್ಲಿದೆ. 1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಅದು ಕಾಣಿಸಿಕೊಂಡಾಗ ಹೆಸರು 901. ನಡುವೆ ಸೊನ್ನೆಯಿರುವ ಅಂಕಿ ತನ್ನದೆಂದು ಪ್ಯೂಜೊ ಕಂಪನಿ ತಕರಾರು ತೆಗೆದದ್ದರಿಂದ 911 ಆಯಿತು. ಎರಡು ಲೀಟರಿನ ಎಂಜಿನು, 130 ಪಿಎಸ್. ಎಂಜಿನನ್ನು ಹಿಂದಿನ ಗಾಲಿಗಳಿಗಿಂತಲೂ ಹಿಂದೆ ತೂಗುಹಾಕಿದ್ದನ್ನು ಬಲ್ಲವರು ತಪ್ಪೆಂದರು. ಅವಸರದ ಚಾಲಕನ ಕೈಯಲ್ಲಿ ತಿರುವಿನಲ್ಲಿ ಬಾಲ ಬೀಸುತ್ತಿತ್ತು. ಕಂಪನಿ ಆ ಜಾಗ ಬದಲಿಸಲಿಲ್ಲ. ಆರು ದಶಕ ಅದನ್ನೇ ತಿದ್ದಿತು: ಗಾಲಿಯ ನಡುವಿನ ಅಂತರ ಹಿಗ್ಗಿಸಿತು, ಟೈರು ಅಗಲಿಸಿತು, 1990ರ ದಶಕದ ಕೊನೆಯಲ್ಲಿ ಗಾಳಿಯ ಬದಲು ನೀರಿನಿಂದ ಎಂಜಿನು ತಣಿಸಿತು. ಇಂದಿನ ಟರ್ಬೊ ಎಸ್ 700 ಪಿಎಸ್ ದಾಟಿದೆ. ಅಂದು ದೋಷವೆನಿಸಿದ ಹಿಂಭಾರವೇ ಇಂದು ಗುಣ. ಎಳೆಯುವ ಗಾಲಿಗಳನ್ನು ಅದು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಹುನಗುಂದದ ಆ ಎತ್ತಿನ ಹಿಂಗಾಲಿನಂತೆ.

ಇದನ್ನು ಐಹೊಳೆಯಲ್ಲಿ ಕೂತು ಯೋಚಿಸುವುದರಲ್ಲಿ ಒಂದು ಅರ್ಥವಿದೆ. ನೂರಕ್ಕೂ ಹೆಚ್ಚು ಗುಡಿಗಳಿರುವ ಈ ಊರು ಚಾಲುಕ್ಯ ಶಿಲ್ಪಿಗಳ ಪ್ರಯೋಗಶಾಲೆ. ಲಾಡಖಾನ ಗುಡಿಯಲ್ಲಿ ಮರದ ಮನೆಯ ಇಳಿಜಾರು ಚಾವಣಿಯನ್ನು ಕಲ್ಲಿನಲ್ಲಿ ತಂದು ನೋಡಿದರು. ದುರ್ಗದ ಗುಡಿಯಲ್ಲಿ ದುಂಡು ಬೆನ್ನಿನ ಮೇಲೆ ಉತ್ತರದ ಶೈಲಿಯ ಶಿಖರ ಏರಿಸಿ ನೋಡಿದರು. ಇಲ್ಲಿ ತಿದ್ದಿ ತಿದ್ದಿ ಕಲಿತ ಕೈ ಮುಂದೆ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷ ಗುಡಿಯಾಗಿ ಪಳಗಿತು. ಒಂದೇ ಆಕಾರದ ಬೆನ್ನು ಬಿಡದೆ ಹಿಡಿಯುವ ತಾಳ್ಮೆ ಕಲ್ಲಿಗೂ ಬೇಕು, ಉಕ್ಕಿಗೂ ಬೇಕು.

ಚಹಾ ಮುಗಿದ ಮೇಲೆ ಹುಬ್ಬಳ್ಳಿಯ ಗೆಳೆಯ ಕೀಲಿ ನನ್ನ ಕೈಗಿಟ್ಟ. ಪಟ್ಟದಕಲ್ಲಿಗೆ ಹದಿಮೂರು–ಹದಿನಾಲ್ಕು ಕಿಲೋಮೀಟರ್ ದಾರಿ. ಕಿರಿದು, ಎರಡೂ ಕಡೆ ಜೋಳದ ಹೊಲ, ಎದುರಿಗೆ ಟ್ರ್ಯಾಕ್ಟರು, ಊರೂರಿಗೆ ರೋಡ್ ಹಂಪು. ಇದು ಮಕ್ಕಳು ಶಾಲೆಗೆ ನಡೆಯುವ ರಸ್ತೆ. ಇನ್ನೂರರ ವೇಗ ಬೇಕಾದವರಿಗೆ ಚೆನ್ನೈ, ಕೊಯಮತ್ತೂರಿನ ರೇಸ್ ಟ್ರ್ಯಾಕುಗಳಿವೆ, ಅಲ್ಲಿಗೇ ಹೋಗಬೇಕು. ನಲವತ್ತು ದಾಟದೆ ಹೊರಟೆ.

ಆ ನಲವತ್ತರಲ್ಲೇ ಕಾರು ತನ್ನನ್ನು ತೆರೆದಿಟ್ಟಿತು. ಡಾಂಬರು ಒರಟಾದಲ್ಲಿ ಸ್ಟೀರಿಂಗಿನ ಅಂಚು ಬೆರಳಿಗೆ ಸಣ್ಣಗೆ ಕಚಗುಳಿಯಿಟ್ಟಿತು, ನುಣುಪಾದಲ್ಲಿ ಸುಮ್ಮನಾಯಿತು. ಎರಡನೇ ಗೇರಿನಿಂದ ಮೂರಕ್ಕೆ ಹೋಗುವ ಹಿಡಿಕೆ ಎಣ್ಣೆ ಹಾಕಿದ ಅಗುಳಿಯಂತೆ ಜಾರಿ ಟಕ್ಕೆಂದು ಕೂತಿತು. ಕಾಲು ಅರ್ಧ ಬೆರಳು ಒತ್ತಿದರೆ ಅರ್ಧ ಬೆರಳಿನಷ್ಟೇ ಉತ್ತರ, ಹೆಚ್ಚಿಲ್ಲ, ತಡವಿಲ್ಲ. ಬೆನ್ನ ಹಿಂದೆ ಇನ್ನೂ ನೂರಾರು ಕುದುರೆ ಕಟ್ಟಿಹಾಕಿವೆ ಎಂಬುದು ಗೊತ್ತು. ಅವು ಹಗ್ಗ ಜಗ್ಗುತ್ತಿಲ್ಲ ಎಂಬುದೇ ಸುಖ. ಬಲವಾದ ಕಾರಿಗೆ ನಾನು ಇಡುವ ಪರೀಕ್ಷೆ ಇದೊಂದೇ: ಮೆಲ್ಲಗೆ ಹೋಗುವಾಗಲೂ ಅದು ಮಾತಾಡುತ್ತದೆಯೇ?

ಅರ್ಧ ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಒಂದನೇ ಗೇರು ಹಾಕಿ ಆಕ್ಸಿಲರೇಟರ್ ಬಿಟ್ಟೆ. ಕಾರು ಮುಗ್ಗರಿಸದೆ, ಗುರುಗುಟ್ಟದೆ ಕುರಿಗಳ ಹೆಜ್ಜೆಗೆ ಹೆಜ್ಜೆ ಹಾಕಿತು. ಕಂಬಳಿ ಹೊದ್ದ ಕುರಿಗಾರ ಮಗ್ಗುಲಲ್ಲೇ ನಡೆಯುತ್ತಿದ್ದ. ಕೊನೆಯ ಮರಿ ದಾಟಿದ ಮೇಲೆ ಅವನು ನನ್ನ ಮುಖ ನೋಡಲಿಲ್ಲ, ಎಷ್ಟು ಓಡುತ್ತದೆ ಎಂದೂ ಕೇಳಲಿಲ್ಲ. ಎತ್ತಿನ ಮೈ ತಟ್ಟುವಂತೆ ಕಾರಿನ ದುಂಡು ಬೆನ್ನನ್ನು ಎರಡು ಸಲ ತಟ್ಟಿ, ಹೊಲಕ್ಕೆ ಇಳಿದ.