ಸೀಳುನಾಯಿಯೋ, ಕೆನ್ನಾಯಿಯೋ?

ಬಂಡೀಪುರ, ನಾಗರಹೊಳೆಯ ಈ ಪ್ರಾಣಿಗೆ ಕನ್ನಡದಲ್ಲಿ ಎರಡು ಹೆಸರು. ಸೀಳುನಾಯಿ ಎಂಬುದು ಅದು ಕೊಲ್ಲುವ ಬಗೆ ನೋಡಿ ಇಟ್ಟದ್ದು. ಕೆನ್ನಾಯಿ, ಮೈಬಣ್ಣ ನೋಡಿ. ಶಿಕಾರಿ ಕಥನಗಳಿಗೆ ಮೊದಲನೆಯದೇ ಸಾಕಾಗಿತ್ತು. ಅಲ್ಲಿ ಹುಲಿಗೆ ಗಾಂಭೀರ್ಯ, ಆನೆಗೆ ಮದ. ಸೀಳುನಾಯಿಗೆ ಬರೀ ಕ್ರೌರ್ಯ. ಈ ನೋಟ ಪುಸ್ತಕದಲ್ಲೇ ಉಳಿಯಲಿಲ್ಲ. ಬ್ರಿಟಿಷರ ಕಾಲದಲ್ಲಿ ಇವನ್ನು ಕೊಂದವರಿಗೆ ಇನಾಮು ಸಿಗುತ್ತಿತ್ತು. ಕಾನೂನಿನ ರಕ್ಷಣೆ ದೊರೆತದ್ದು 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ.

ಕೃಪಾಕರ-ಸೇನಾನಿಯವರ ‘ಕೆನ್ನಾಯಿಯ ಜಾಡಿನಲ್ಲಿ’ ಪುಸ್ತಕದ ಹೆಸರಿನಲ್ಲೇ ನಿಲುವು ಬದಲಾಗಿದೆ. ಆದರೆ ಇಂಥ ಬರಹಗಳನ್ನು ನಾವು ಓದುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಬೇಟೆ ಬಿದ್ದಾಗ ಮರಿಗಳಿಗೇ ಮೊದಲ ಪಾಲು ಎಂದು ತಿಳಿದೊಡನೆ, ಎಂಥ ಕುಟುಂಬಪ್ರೀತಿ ಎಂದು ಕರಗುತ್ತೇವೆ. ಆಗಲೂ ಅಳತೆಗೋಲು ನಮ್ಮದೇ. ಅದೇ ಗುಂಪು ಜಿಂಕೆಗೆ ಜೀವವಿರುವಾಗಲೇ ಹರಿದು ತಿನ್ನತೊಡಗುತ್ತದೆ. 15 ಕಿಲೋ ಆಸುಪಾಸಿನ ಪ್ರಾಣಿ. ಹುಲಿಯಂತೆ ಗಂಟಲು ಹಿಡಿದು ಉಸಿರುಗಟ್ಟಿಸುವುದು ಅದರ ರೀತಿಯಲ್ಲ. ಚದುರಿದಾಗ ಸಿಳ್ಳೆ ಹಾಕಿ ಒಂದುಗೂಡುತ್ತವೆ, ಊರನಾಯಿಯಂತೆ ಬೊಗಳುವುದಿಲ್ಲ. ಊರನಾಯಿಗೆ 42 ಹಲ್ಲು, ಇದಕ್ಕೆ 40. ಹಾಗೆ ನೋಡಿದರೆ ಎರಡೂ ಹೆಸರುಗಳಲ್ಲಿರುವ ‘ನಾಯಿ’ಯೇ ಅನುಮಾನದ್ದು!