ಮೂತಿಗೆ ಬೇಕಾದ ಭಾರ

ಜಪಾನಿನ ಝೆನೋವಾ ಜಿ-62 ನೋಡಲು ಚೆಂದದ ಎಂಜಿನ್ ಅಲ್ಲ. 62 ಸಿಸಿಯ ಟೂ ಸ್ಟ್ರೋಕ್. ಮರ ಕೊಯ್ಯುವ ಯಂತ್ರದ ಜೊತೆ ಒಡಹುಟ್ಟಿದಂತಿದೆ. ದೊಡ್ಡ ರೇಡಿಯೊ ನಿಯಂತ್ರಿತ ವಿಮಾನಕ್ಕೆ ಪೆಟ್ರೋಲ್ ಎಂಜಿನ್ ಹುಡುಕುವವರು ತೂಕ ನೋಡಿಯೇ ಇದನ್ನು ಬದಿಗಿಡುತ್ತಾರೆ. ಆಕಾಶದಲ್ಲಿ ಲಾಗ ಹೊಡೆಯುವ ವಿಮಾನವಾದರೆ ಹಾಗೆ ಮಾಡುವುದೇ ಸರಿ.

ಆದರೆ ಮೊದಲ ಮಹಾಯುದ್ಧದ ವಿಮಾನ ಸಾಪ್‌ವಿತ್ ಕ್ಯಾಮೆಲ್‌ನ ಮಾದರಿ ಕಟ್ಟಿದವರನ್ನು ಕೇಳಿ. ಅಸಲಿಯ ಮೋಟು ಮೂತಿಯಲ್ಲಿ ಭಾರಿ ರೋಟರಿ ಎಂಜಿನ್ ಕೂತಿತ್ತು. ಮಾದರಿಯಲ್ಲಿ ಆ ತೂಕವಿಲ್ಲದೆ ಬಾಲ ಕುಸಿಯುತ್ತದೆ. ಸೀಸ ತುಂಬಿ ತುಂಬಿ ಅವರಿಗೆ ಸಾಕಾಗಿರುತ್ತದೆ. ಸುಮ್ಮನೆ ಕೂರುವ ಸೀಸದ ಬದಲು ದುಡಿಯುವ ಲೋಹವನ್ನೇ ಹೊರಬಹುದಲ್ಲ! ಜಿ-62ರ ಫ್ಲೈವೀಲಿನಲ್ಲಿ ಅಯಸ್ಕಾಂತವಿದೆ; ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಬ್ಯಾಟರಿಯ ಹಂಗಿಲ್ಲ. ಎಂಜಿನ್ ಆರಿಸುವ ಸ್ವಿಚ್ಚನ್ನು ಮಾತ್ರ ಮರೆಯಬೇಡಿ.