ಹೆಚ್ಚು ಕಂಡರೆ ಮರುಕಳಿಕೆ ಕಡಿಮೆಯೇ?

ಸ್ತನವನ್ನು ಉಳಿಸಿ ಕ್ಯಾನ್ಸರ್ ಗಂಟನ್ನು ಮಾತ್ರ ತೆಗೆಯುವ ಶಸ್ತ್ರಕ್ರಿಯೆಗೆ ಮುನ್ನ ಎಂ.ಆರ್.ಐ. ಚಿತ್ರಣ ಮಾಡಿಸುವುದನ್ನು ನೀವು ಕೇಳಿರಬಹುದು. ಗ್ಯಾಡೊಲಿನಿಯಂ ಸಂಯುಕ್ತವನ್ನು ರಕ್ತಕ್ಕೆ ಚುಚ್ಚಿದರೆ, ಸೋರುವ ಹೊಸ ರಕ್ತನಾಳಗಳಿರುವ ಗಂಟು ಚಿತ್ರದಲ್ಲಿ ಹೊಳೆಯುತ್ತದೆ. ಮ್ಯಾಮೊಗ್ರಫಿಗೆ ಸಿಗದ ಚುಕ್ಕೆಗಳೂ ಕಾಣುತ್ತವೆ. ಅವನ್ನೂ ತೆಗೆದುಬಿಟ್ಟರೆ ರೋಗ ಮರುಕಳಿಸದು ಎಂಬುದು ವಾದ. ಕೇಳಲು ಸಲೀಸು, ಪರೀಕ್ಷೆಯಲ್ಲಿ ಮಾತ್ರ ನಿಂತಿಲ್ಲ.

ಏಕೆಂದು ತಿಳಿಯಲು ಹಿಂದಕ್ಕೆ ಹೋಗಬೇಕು. 1985ರಲ್ಲಿ ನೆದರ್ಲೆಂಡ್ಸಿನ ರೋಲಂಡ್ ಹಾಲಂಡ್ ಮತ್ತು ಸಂಗಡಿಗರು, ಒಂದೇ ಗಂಟಿದೆಯೆಂದು ಭಾವಿಸಿ ಪೂರ್ತಿಯಾಗಿ ತೆಗೆದಿದ್ದ ಸ್ತನಗಳನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಸುತ್ತಲಿನ ಅಂಗಾಂಶಕ್ಕೆ ಹರಡಬಲ್ಲ ಬಗೆಯ 282 ಕ್ಯಾನ್ಸರುಗಳಲ್ಲಿ, ಗಂಟಿನ ಸುತ್ತ ಬೇರೆ ತಾಣವಿಲ್ಲದವು ಶೇ. 37 ಮಾತ್ರ. ಶೇ. 43ರಲ್ಲಿ ತಾಣಗಳು 2 ಸೆಂಟಿಮೀಟರಿಗೂ ಆಚೆ ಇದ್ದವು! ಹಾಗಿದ್ದರೆ ಗಂಟು ಮಾತ್ರ ತೆಗೆಸಿಕೊಂಡ ಬಹುತೇಕರಲ್ಲಿ ರೋಗ ಮರಳಬೇಕಿತ್ತಲ್ಲವೆ? ಅಮೆರಿಕದ ಬಿ-06 ಪ್ರಯೋಗದ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅದೇ ಸ್ತನದಲ್ಲಿ ಮರುಕಳಿಕೆ ವಿಕಿರಣ ಚಿಕಿತ್ಸೆ ಪಡೆಯದವರಲ್ಲಿ ಶೇ. 39.2, ಪಡೆದವರಲ್ಲಿ ಶೇ. 14.3. ಎಂದರೆ, ಚಿತ್ರದಲ್ಲಿ ಹೊಳೆಯುವ ಚುಕ್ಕೆಗಳಲ್ಲಿ ಹಲವು, ಯಾರೂ ನೋಡದಿದ್ದರೂ ವಿಕಿರಣಕ್ಕೆ ಬಲಿಯಾಗುವಂಥವೇ.

ಬ್ರಿಟನ್ನಿನ 45 ಕೇಂದ್ರಗಳಲ್ಲಿ 1623 ಮಹಿಳೆಯರನ್ನು ಒಳಗೊಂಡ ಕಾಮಿಸ್ ಪ್ರಯೋಗದ (2010) ಫಲಿತಾಂಶವೂ ಇದಕ್ಕೆ ಹೊಂದುತ್ತದೆ. ಎಂ.ಆರ್.ಐ. ಆಗಿರಲಿ, ಆಗದಿರಲಿ, ಮತ್ತೆ ಶಸ್ತ್ರಕ್ರಿಯೆ ಬೇಕಾದವರು ಶೇ. 19. ಸುಮಾರು 3,170 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ, 8 ವರ್ಷಗಳ ಅನಂತರ ಸ್ತನದಲ್ಲಿ ರೋಗ ಮರಳದವರು ಶೇ. 97 ಮತ್ತು ಶೇ. 95, ಸಂಖ್ಯಾಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಇದಕ್ಕೆ ಬದಲಾಗಿ ಹೆಚ್ಚಿದ್ದು ಪೂರ್ತಿ ಸ್ತನ ತೆಗೆಯುವುದು: 2013ರ ಒಂದು ವಿಶ್ಲೇಷಣೆಯಂತೆ ಶೇ. 18.2ರ ಬದಲು ಶೇ. 25.5. ಈ ಬೆಲೆಯನ್ನು ತೆರುವವರು ರೋಗಿಗಳು.

ಚಿತ್ರದ ಹೊಳಪು, ವಿನ್ಯಾಸಗಳನ್ನು ಕಂಪ್ಯೂಟರಿನಿಂದ ಅಳೆದು ಮರುಕಳಿಕೆಯ ಸಂಭವವನ್ನು ಹೇಳುವ ಪ್ರಯತ್ನಗಳೂ ನಡೆದಿವೆ. ಆಸಕ್ತಿಯ ವಿಷಯವೇ ಸರಿ. ಆದರೆ ಯಂತ್ರ ಬದಲಾದರೆ ಅಳತೆಯೂ ಬದಲಾಗುತ್ತದೆ. ಒಂದು ಆಸ್ಪತ್ರೆಯ ಚಿತ್ರಗಳಿಂದ ಕಲಿತ ಲೆಕ್ಕ ಬೇರೆಡೆ ಸರಿಹೋಗುವುದೆಂಬ ಖಾತರಿಯಿಲ್ಲ.

ಎಂ.ಆರ್.ಐ. ನಿಷ್ಪ್ರಯೋಜಕವೆಂದಲ್ಲ. ಕಂಕುಳಿನ ದುಗ್ಧಗ್ರಂಥಿಯಲ್ಲಿ ಕ್ಯಾನ್ಸರಿದ್ದು ಸ್ತನದಲ್ಲಿ ಮೂಲ ಸಿಗದಿದ್ದಾಗ, ಶಸ್ತ್ರಕ್ರಿಯೆಗೆ ಮುನ್ನ ಕೊಟ್ಟ ಔಷಧಿಗೆ ಗಂಟು ಕುಗ್ಗಿದೆಯೇ ಎಂದು ನೋಡಲು ಅದು ಬೇಕು. ಉಳಿದಂತೆ, ಹೊಳೆಯುವುದೆಲ್ಲ ಕ್ಯಾನ್ಸರಲ್ಲ. ಹೊಸ ಚುಕ್ಕೆ ಕಂಡಿತೆಂದು ಪೂರ್ತಿ ಸ್ತನ ತೆಗೆಯುವ ಸಲಹೆ ಬಂದರೆ, ಆ ಚುಕ್ಕೆಯ ಬಯಾಪ್ಸಿ ಆಗಿದೆಯೇ ಎಂದು ಮೊದಲು ಕೇಳಿ.